ಪೀಠವು ಯಾರ ಸೊತ್ತು?

ನರಸಾಪುರದ ಹೆದ್ದಾರಿಯ ಬದಿಯಲ್ಲಿ ನಿಂತವನಿಗೆ ಖಾಸಗಿ ಕಾರ್ಖಾನೆಗಳೇ ಮೊದಲು ಕಾಣುವುವು. ಆದರೆ ಆ ಹೋಬಳಿಯ ರೈತನ ಬಾಳುವೆ ಸರಕಾರದ ಸಂಸ್ಥೆಗಳೊಡನೆಯೂ ಹೆಣೆದುಕೊಂಡಿದೆ. ಅವನ ಕೊಳವೆಬಾವಿಗೆ ಬರುವ ವಿದ್ಯುತ್ತು ಬೆಸ್ಕಾಂ ಕಂಪನಿಯದು. ಅವನ ಮಕ್ಕಳು ಕೋಲಾರಕ್ಕೆ ಹೋಗುವ ಕೆಂಪು ಬಸ್ಸು ಸಾರಿಗೆ ನಿಗಮದ್ದು. ಇಂಥ ಸಂಸ್ಥೆಯೊಂದರ ಅಧ್ಯಕ್ಷಪೀಠ ಬರಿದಾದರೆ ದೀಪವು ಅಂದೇ ಆರದು, ಬಸ್ಸೂ ನಿಲ್ಲದು. ಆದುದರಿಂದಲೇ ಆ ಬರಿದು ಯಾರ ಕಣ್ಣಿಗೂ ಬೀಳುವುದಿಲ್ಲ. ನಿಲ್ಲುವುದು ನಿರ್ಧಾರ, ಮರೆಯಾಗುವುದು ಹೊಣೆ.

ಕೇಂದ್ರ ಸರಕಾರದ ಉದ್ಯಮಗಳಿಗೆ ತಕ್ಕವರನ್ನು ಆರಿಸಲೆಂದು 1974ರಲ್ಲಿ ಒಂದು ಆಯ್ಕೆ ಮಂಡಳಿ ಏರ್ಪಟ್ಟಿತು. ಅದು ಹೆಸರನ್ನು ಸೂಚಿಸಿದ ಮೇಲೆ ಜಾಗೃತ ಆಯೋಗದ ಒಪ್ಪಿಗೆ, ಇಲಾಖೆಯ ಪರಿಶೀಲನೆ, ಕಡೆಗೆ ಮಂತ್ರಿಮಂಡಲದ ನೇಮಕ ಸಮಿತಿಯ ಸಮ್ಮತಿ ಬರಬೇಕು. ಎಚ್ಚರ ಬೇಕಾದುದೇ ಸರಿ. ಆದರೆ ನಿವೃತ್ತಿಯ ದಿನವೆಂಬುದು ಸಿಡಿಲಿನಂತೆ ಎರಗುವುದಲ್ಲ. ನೇಮಕದ ದಿನವೇ ಅದು ಗೊತ್ತಿರುತ್ತದೆ. ಹೀಗಿದ್ದೂ ಕುರ್ಚಿ ತಿಂಗಳುಗಟ್ಟಲೆ ಬರಿದಾಗಿ, ಬೇರೊಬ್ಬ ಅಧಿಕಾರಿಗೆ ‘ಹೆಚ್ಚುವರಿ ಹೊಣೆ’ ಬೀಳುವುದುಂಟು. ಆಯ್ದಕ್ಕಿ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಹಿಂದಿರುಗಿಸಿ ಬರುವಂತೆ ಹೇಳಿದ ಕಥೆ ಶರಣಲೋಕಕ್ಕೆಲ್ಲ ಗೊತ್ತಿದೆ. ಇಲ್ಲಿ ಅಧಿಕಾರಿಯು ಮಾರಯ್ಯನಂತೆ ತಾನಾಗಿ ತಂದವನಲ್ಲ. ಮೇಲಿನವರು ಹೊರಿಸಿದ್ದನ್ನು ಹೊತ್ತವನು. ಆದರೂ ಎರಡು ಕಾಯಕಗಳನ್ನು ಒಬ್ಬನ ಮೇಲೆ ಹೇರಿದಾಗ ಒಂದಂತೂ ಅರೆಯಾಗುವುದು. ನಾಳೆ ಹೋಗುವವನು ಹತ್ತು ವರ್ಷದ ಮಾತಿಗೆ ರುಜು ಹಾಕಲು ಹಿಂಜರಿಯುವುದು ಸಹಜವೇ.

ಇದರ ವಿಚಿತ್ರ ಫಲವೊಂದು 2023-24ರಲ್ಲಿ ಕಂಡಿತು. ಸ್ವತಂತ್ರ ನಿರ್ದೇಶಕರು ಸಾಕಷ್ಟು ಸಂಖ್ಯೆಯಲ್ಲಿಲ್ಲವೆಂದು ಮಂಗಳೂರಿನ ಎಂಆರ್‌ಪಿಎಲ್ ಸೇರಿದಂತೆ ಹಲವು ಸರಕಾರಿ ತೈಲ ಕಂಪನಿಗಳಿಗೆ ಷೇರುಪೇಟೆಗಳು ದಂಡ ವಿಧಿಸಿದವು. ನೇಮಿಸುವ ಅಧಿಕಾರ ಸರಕಾರದ್ದು, ತಮ್ಮದಲ್ಲ ಎಂದು ಕಂಪನಿಗಳು ಉತ್ತರವಿತ್ತವು. ಕುರ್ಚಿಯನ್ನು ಬರಿದಾಗಿಟ್ಟವರು ಒಬ್ಬರು, ದಂಡ ತೆತ್ತವರು ಇನ್ನೊಬ್ಬರು!

ರಾಜ್ಯದ ನಿಗಮಗಳಲ್ಲಿ ರೋಗ ಬೇರೆ ಬಗೆಯದು. ಸರಕಾರ ಬದಲಾದೊಡನೆ ಹಿಂದಿನ ನಾಮಕರಣಗಳು ರದ್ದಾಗುವುವು. ಹೊಸಬರು ಬರುವ ತನಕ ಪೀಠ ಖಾಲಿ. 2003ರ ಸಂವಿಧಾನ ತಿದ್ದುಪಡಿಯು ಮಂತ್ರಿಗಳ ಸಂಖ್ಯೆಯನ್ನು ಸದನದ ನೂರಕ್ಕೆ ಹದಿನೈದರಷ್ಟಕ್ಕೆ ಕಟ್ಟಿಹಾಕಿದ ಮೇಲೆ, ಮಂತ್ರಿಪದವಿ ಸಿಗದವರ ಸಮಾಧಾನಕ್ಕೆ ನಿಗಮಗಳೇ ದಾರಿಯಾದುವು. 2023ರ ಮೇ ತಿಂಗಳಲ್ಲಿ ಬಂದ ಸರಕಾರವು 2024ರ ಜನವರಿಯಲ್ಲಿ 30ಕ್ಕೂ ಹೆಚ್ಚು ಶಾಸಕರನ್ನು ನಿಗಮ-ಮಂಡಳಿಗಳ ಅಧ್ಯಕ್ಷರನ್ನಾಗಿ ಮಾಡಿತು. ಇದು ಒಂದೇ ಪಕ್ಷದ ರೂಢಿಯಲ್ಲ. ಹಿಂದಿನವರೂ ಹಾಗೆಯೇ ನಡೆದರು. ಬರಿದಾಗಿಡುವುದೂ ಬಹುಮಾನವಾಗಿ ಹಂಚುವುದೂ ಒಂದೇ ತಪ್ಪಿನ ಎರಡು ಮುಖಗಳು. ಎರಡರಲ್ಲಿಯೂ ಪೀಠವು ಕೊಡುವವನ ಸೊತ್ತೆಂಬ ಭಾವನೆಯಿದೆ. ಅದು ನೆಚ್ಚಿದವರಿಗೆ ಸಲ್ಲಬೇಕಾದ ಕಾಯಕವೆಂಬ ಅರಿವಿಲ್ಲ.

ಸರಕಾರಕ್ಕೆ ತನ್ನ ನಂಬಿಕೆಯವರು ಬೇಡವೇ ಎಂದು ಕೇಳುವವರುಂಟು. ಬೇಕು, ಆದರೆ ಕೆಲಸ ಬಲ್ಲವನ ಮೇಲಿಡುವ ನಂಬಿಕೆಯೇ ನಂಬಿಕೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ನಷ್ಟದಲ್ಲಿ ಮುಳುಗುತ್ತಿದ್ದಾಗ ಮೈಸೂರು ಸರಕಾರವು ಅಂದಿನ ಕೋಲಾರ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರನ್ನು ಅಧ್ಯಕ್ಷರನ್ನಾಗಿ ಕರೆಯಿತು. ದಿವಾನಗಿರಿಯನ್ನು ಬಿಟ್ಟು ನಾಲ್ಕು ವರ್ಷ ಕಳೆದಿದ್ದ ಅವರು ಓಲೈಕೆಗಾಗಿ ಕರೆಯಲ್ಪಟ್ಟವರಲ್ಲ. 1929ರವರೆಗೆ ದುಡಿದು ಕಾರ್ಖಾನೆಯನ್ನು ನಿಲ್ಲಿಸಿದರು. ಆ ಸೇವೆಗೆ ಸಂದ ಹಣವನ್ನು ಬೆಂಗಳೂರಿನಲ್ಲಿ ವೃತ್ತಿಶಿಕ್ಷಣ ಸಂಸ್ಥೆಯೊಂದರ ಸ್ಥಾಪನೆಗೆ ಕೊಟ್ಟರು. ಎಲ್ಲರೂ ವಿಶ್ವೇಶ್ವರಯ್ಯನವರಾಗಲಾರರು, ನಿಜ. ಹುಡುಕುವ ಕಷ್ಟವನ್ನು ಪಡದವರಿಗೆ ಅವರ ಸನಿಹದವರೂ ಸಿಗುವುದಿಲ್ಲ.

ನರಸಾಪುರದಿಂದ ಮೂಡಣಕ್ಕೆ ಸಾಗಿದರೆ ಚಿನ್ನದ ಗಣಿಯ ಊರು. ಭಾರತ್ ಗೋಲ್ಡ್ ಮೈನ್ಸ್ ಕಂಪನಿಯ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಅದಿರು ತೆಳುವಾದುದು, ತೆಗೆಯುವ ವೆಚ್ಚ ಏರಿದುದು ಅದಕ್ಕೆ ಕಾರಣ. ಅದನ್ನು ಖಾಲಿ ಕುರ್ಚಿಯ ತಲೆಗೆ ಕಟ್ಟಬೇಕಾಗಿಲ್ಲ. ಆದರೆ ಗಣಿ ಮುಚ್ಚಿದ ಮೇಲೂ ಕಾರ್ಮಿಕರ ಬಾಕಿ ಹಣದ ಪ್ರಶ್ನೆ, ತಲೆಮಾರುಗಳಿಂದ ವಾಸವಿದ್ದ ಮನೆಗಳ ಹಕ್ಕಿನ ಪ್ರಶ್ನೆ ಉಳಿದುವು. ಅಂಥ ಅರ್ಜಿಯನ್ನು ಹಿಡಿದು ಕಚೇರಿಯ ಮೆಟ್ಟಿಲೇರಿದ ಮುದುಕನು ಕೇಳುವುದು ಕಂಪನಿಯ ಲಾಭನಷ್ಟವನ್ನಲ್ಲ. ಒಳಗೆ ಉತ್ತರ ಹೇಳುವವರು ಯಾರಿದ್ದಾರೆ ಎಂದಷ್ಟೇ ಕೇಳುತ್ತಾನೆ.