ಇಂದಿನ ಧಮ್ಮ ಚಿಂತನೆ: ಗುಂಡಿ ಮತ್ತು ಉಪೇಕ್ಷೆ





ಕನ್ನಡದಲ್ಲಿ ‘ಉಪೇಕ್ಷೆ’ ಎಂಬ ಮಾತಿಗೆ ಒಳ್ಳೆಯ ಹೆಸರಿಲ್ಲ. ಜ್ವರವನ್ನು ಉಪೇಕ್ಷೆ ಮಾಡಬೇಡಿ ಎನ್ನುತ್ತೇವೆ. ಓದನ್ನು ಉಪೇಕ್ಷಿಸಿದ ಮಕ್ಕಳನ್ನು ಗದರುತ್ತೇವೆ. ನಮಗೆ ಅದು ಕಡೆಗಣಿಸುವುದು. ಪಾಲಿಯಲ್ಲಿ ಅದೇ ಮಾತು ‘ಉಪೇಕ್ಖಾ’. ಅಲ್ಲಿ ಅದು ಮೆತ್ತಾ, ಕರುಣಾ, ಮುದಿತಾಗಳ ಜೊತೆಗೆ ನಾಲ್ಕನೆಯ ಬ್ರಹ್ಮವಿಹಾರ, ಹತ್ತು ಪಾರಮಿಗಳಲ್ಲಿ ಒಂದು. ಒಂದು ಭಾಷೆಯಲ್ಲಿ ದೋಷವಾದದ್ದು ಇನ್ನೊಂದರಲ್ಲಿ ಗುಣ.

ಈ ಗೊಂದಲ ನಿಘಂಟಿನಲ್ಲಿ ಮಾತ್ರ ಇದ್ದಿದ್ದರೆ ಚಿಂತೆ ಇರಲಿಲ್ಲ. ನಮ್ಮ ಅಧ್ಯಯನ ಬಳಗಕ್ಕೆ ಬರುವ, ಐಟಿಐ ಓದುತ್ತಿರುವ ಹುಡುಗನೊಬ್ಬ ಹೋದ ತಿಂಗಳು ಕೇಳಿದ: “ಸರ್, ಊರಲ್ಲಿ ಕಟಿಂಗ್‌ಗೆ ಹೋದ್ರೆ ಇವತ್ತು ಆಗಲ್ಲ ಅಂತಾರೆ. ನನ್ನ ಹಿಂದೆ ಬಂದೋರನ್ನ ಕೂರಿಸ್ಕೊತಾರೆ. ಮನೆಗೆ ಬಂದ್ರೆ ಎರಡು ದಿನ ಪುಸ್ತಕ ಹಿಡಿಯಕ್ಕೆ ಆಗಲ್ಲ. ಉಪೇಕ್ಷೆ ಅಂದ್ರೆ ಇದನ್ನೆಲ್ಲ ನುಂಗ್ಕೊಂಡು ಸುಮ್ನಿರೋದಾ?”

ಇದು ನಮ್ಮೆಲ್ಲರ ಪ್ರಶ್ನೆ. ನುಂಗಿಕೊಳ್ಳುವುದನ್ನೇ ಗುಣ ಎಂದು ಸಾವಿರಾರು ವರ್ಷ ನಮಗೆ ಹೇಳಿಕೊಟ್ಟರು. ಅದನ್ನು ಬಿಟ್ಟು ಬುದ್ಧನ ದಾರಿಗೆ ಬಂದವರು ನಾವು. ಇಲ್ಲಿಯೂ ಅದೇ ಪಾಠವಾದರೆ ಬಂದು ಏನು ಫಲ?

ಉತ್ತರವನ್ನು ಅವನ ಜೊತೆ ಮಾಡಿದ ಒಂದು ಕೆಲಸದಿಂದ ಹೇಳುತ್ತೇನೆ. ನನ್ನ ಹಳೆಯ ಕಾರಿನ ಹಿಂದಿನ ಶಾಕ್ ಅಬ್ಸಾರ್ಬರುಗಳು ಹೋಗಿದ್ದವು. ಡಿಕ್ಕಿಯನ್ನು ಒತ್ತಿ ಬಿಟ್ಟರೆ ಒಮ್ಮೆ ಎದ್ದು ನಿಲ್ಲಬೇಕಾದ ಗಾಡಿ ಮೂರು ನಾಲ್ಕು ಸಲ ಕುಣಿಯುತ್ತಿತ್ತು. ಒಂದು ಭಾನುವಾರ ಮನೆಯ ಮುಂದೆಯೇ ಬದಲಾಯಿಸಿದೆವು. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂಭಾಗ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ, ಆಕ್ಸಲ್‌ಗೆ ಜ್ಯಾಕಿನ ಆಸರೆ ಇಟ್ಟು, ಮೇಲಿನ ಮತ್ತು ಕೆಳಗಿನ ನಟ್ಟು ಬೋಲ್ಟು ಬಿಚ್ಚಿದರೆ ಹಳೆಯದು ಕೈಗೆ ಬರುತ್ತದೆ.

ಹೆಸರು ಶಾಕ್ ಅಬ್ಸಾರ್ಬರ್ ಎಂದಿದ್ದರೂ ಗುಂಡಿಯ ಪೆಟ್ಟನ್ನು ತಡೆದುಕೊಳ್ಳುವುದು ಪಕ್ಕದ ಸ್ಪ್ರಿಂಗು. ಗಾಡಿಯ ಭಾರ ಹೊರುವುದೂ ಅದೇ. ಆದರೆ ಸ್ಪ್ರಿಂಗಿಗೆ ನಿಲ್ಲುವುದು ಗೊತ್ತಿಲ್ಲ. ಅದುಮಿದರೆ ಚಿಮ್ಮುತ್ತದೆ, ಚಿಮ್ಮಿದರೆ ಮತ್ತೆ ಕುಸಿಯುತ್ತದೆ. ಆ ಕುಣಿತವನ್ನು ನಿಲ್ಲಿಸುವುದು ಶಾಕ್ ಅಬ್ಸಾರ್ಬರಿನ ಕೆಲಸ. ಕೊಳವೆಯೊಳಗೆ ಎಣ್ಣೆ ಇದೆ, ಅದರಲ್ಲಿ ಸಣ್ಣ ತೂತುಗಳಿರುವ ಪಿಸ್ಟನ್ ಓಡಾಡುತ್ತದೆ. ಎಣ್ಣೆ ಆ ತೂತುಗಳಲ್ಲಿ ನುಸುಳುವಾಗ ಕುಣಿತದ ಶಕ್ತಿ ಶಾಖವಾಗಿ ಹೊರಹೋಗುತ್ತದೆ. ಹೊಸದನ್ನು ಕೈಯಲ್ಲಿ ನಿಧಾನವಾಗಿ ಒತ್ತಿದರೆ ಒಳಗೆ ಹೋಗುತ್ತದೆ, ಜೋರು ಮಾಡಿದಷ್ಟೂ ತಡೆಯುತ್ತದೆ. ನಮ್ಮ ಹಳೆಯದರಲ್ಲಿ ಎಣ್ಣೆ ಸೋರಿ ಹೋಗಿತ್ತು. ಒತ್ತಿದರೆ ಸೈಕಲ್ ಪಂಪಿನಷ್ಟೂ ಬಿಗಿ ಇರಲಿಲ್ಲ.

ಸಂಯುತ್ತ ನಿಕಾಯದ ಸಲ್ಲತ್ಥ ಸುತ್ತದಲ್ಲಿ ಭಗವಾನರು ಎರಡು ಬಾಣಗಳ ಮಾತು ಹೇಳುತ್ತಾರೆ. ಮೊದಲ ಬಾಣ ತಗುಲಿದ ನೋವು. ಎರಡನೆಯದು ಆ ನೋವಿಗೆ ಮನಸ್ಸು ತಾನೇ ಹೊಡೆದುಕೊಳ್ಳುವ ಬಾಣ. ಕ್ಷೌರದಂಗಡಿಯ ಬಾಗಿಲಲ್ಲಿ ಆದದ್ದು ಗುಂಡಿ. ಆಮೇಲೆ ಎರಡು ದಿನ ಪುಸ್ತಕ ಹಿಡಿಯಲಾಗದ್ದು ಕುಣಿತ. ಗುಂಡಿ ತೋಡಿದವರ ತಪ್ಪು ಅವರದೇ. ಆದರೆ ಕುಣಿತದಲ್ಲಿ ನಷ್ಟವಾಗುವುದು ನಮಗೆ.

ನುಂಗಿಕೊಂಡರೆ ಕುಣಿತ ನಿಲ್ಲುವುದಿಲ್ಲವೇ? ಇಲ್ಲ. ಕಾರಿನ ಮುಂಭಾಗದಲ್ಲಿ ಸ್ಪ್ರಿಂಗನ್ನು ಅದುಮಿ ಶಾಕ್ ಅಬ್ಸಾರ್ಬರಿನ ಮೇಲೆಯೇ ಕೂರಿಸಿರುತ್ತಾರೆ. ಅದನ್ನು ನಾವು ಮುಟ್ಟಲಿಲ್ಲ. ಸ್ಪ್ರಿಂಗನ್ನು ಹಿಡಿದಿಡುವ ಸಲಕರಣೆ ಇಲ್ಲದೆ ಮೇಲಿನ ನಟ್ಟು ಬಿಚ್ಚಿದರೆ ಅದು ಸಿಡಿದು ಪ್ರಾಣವನ್ನೇ ತೆಗೆಯಬಲ್ಲದು. ನೋಡಲು ಅಲುಗಾಡದೆ ಕೂತಿರುತ್ತದೆ, ಒಳಗೆ ಅಷ್ಟೂ ಬಲ ಹಾಗೇ ಇರುತ್ತದೆ. ನುಂಗಿದ ಅವಮಾನವೂ ಹಾಗೆಯೇ. ಎಷ್ಟೋ ಮನೆಗಳಲ್ಲಿ ಅದು ಹೆಂಡತಿಯ ಮೇಲೆ, ಮಕ್ಕಳ ಮೇಲೆ, ಕುಡಿತದಲ್ಲಿ ಸಿಡಿಯುವುದನ್ನು ಕಂಡಿದ್ದೇವೆ. ಅಂಥ ಸ್ಪ್ರಿಂಗನ್ನು ಒಬ್ಬರೇ ಬಿಚ್ಚಬಾರದು. ಅದಕ್ಕೇ ಸಂಘ ಇರುವುದು.

ಹಾಗಾದರೆ ಕುಣಿತ ನಿಲ್ಲಿಸುವುದು ಯಾತಕ್ಕೆ? ಕೂತವರ ಸುಖಕ್ಕೆ ಮಾತ್ರ ಅಲ್ಲ. ಕುಣಿಯುವ ಗಾಡಿಯ ಟೈರು ನೆಲದ ಹಿಡಿತ ಕಳೆದುಕೊಳ್ಳುತ್ತದೆ. ನೆಲ ಬಿಟ್ಟ ಟೈರಿಗೆ ಬ್ರೇಕೂ ಹಿಡಿಯದು, ಸ್ಟೇರಿಂಗೂ ಕೇಳದು. ಉಪೇಕ್ಖಾ ಬೇಕಾಗಿರುವುದು ಈ ಹಿಡಿತಕ್ಕಾಗಿ. ಬಾಬಾಸಾಹೇಬರು ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಅದನ್ನು ಉದಾಸೀನದಿಂದ ಬೇರೆ ಮಾಡಿ ತೋರಿಸಿದ್ದಾರೆ. ಫಲಕ್ಕೆ ಅಲುಗಾಡದೆ, ಆದರೂ ಪ್ರಯತ್ನವನ್ನು ಬಿಡದೆ ಇರುವುದು ಎಂಬುದು ಅವರು ಕೊಟ್ಟ ಅರ್ಥ. ಬುದ್ಧಘೋಷರೂ ವಿಸುದ್ಧಿಮಗ್ಗದಲ್ಲಿ ತಿಳಿವಿಲ್ಲದ ಉದಾಸೀನವನ್ನು ಉಪೇಕ್ಖಾದ ಹತ್ತಿರದ ಶತ್ರು ಎನ್ನುತ್ತಾರೆ. ನೋಡಲು ಅದರಂತೆಯೇ ಇದ್ದು ಮೋಸ ಮಾಡುವ ಶತ್ರು.

ಆ ಹುಡುಗ ಈಗ ದೂರು ಬರೆದಿದ್ದಾನೆ. ಯಾವ ದಿನ, ಎಷ್ಟು ಗಂಟೆ, ಜೊತೆಗೆ ಯಾರಿದ್ದರು, ಆಡಿದ ಮಾತು ಏನು, ಎಲ್ಲವೂ ಅದರಲ್ಲಿದೆ. ಜಾತಿ ನೋಡಿ ಅಂಗಡಿಯ ಸೇವೆ ನಿರಾಕರಿಸುವುದು 1955ರ ನಾಗರಿಕ ಹಕ್ಕು ಸಂರಕ್ಷಣಾ ಕಾಯ್ದೆಯಲ್ಲಿ ಅಪರಾಧ. ಸಿಟ್ಟಿನ ಕೈಯಲ್ಲಿ ಬರೆದಿದ್ದರೆ ಅದು ಬೈಗುಳದ ಕಾಗದವಾಗುತ್ತಿತ್ತು. ನುಂಗಿಕೊಂಡಿದ್ದರೆ ಕಾಗದವೇ ಇರುತ್ತಿರಲಿಲ್ಲ.

ಮಹಾಡ್ ನೆನಪಿಸಿಕೊಳ್ಳಿ. 1927ರ ಮಾರ್ಚ್ 20ರಂದು ಚವ್ದಾರ್ ಕೆರೆಯ ನೀರು ಮುಟ್ಟಿ ಬಂದ ನಮ್ಮವರ ಮೇಲೆ ಹಲ್ಲೆ ನಡೆಯಿತು. ರಕ್ತ ಸುರಿಯುತ್ತಿದ್ದ ಜನರಿಗೆ ಬಾಬಾಸಾಹೇಬರು ತಿರುಗಿ ಹೊಡೆಯಬೇಡಿ ಎಂದರು. ಅದು ಸುಮ್ಮನಾಗುವುದಾಗಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಅದೇ ವರ್ಷ ಡಿಸೆಂಬರ್ 25ರಂದು ಅದೇ ಮಹಾಡ್‌ನಲ್ಲಿ ಮನುಸ್ಮೃತಿ ಸುಟ್ಟರು. ಕೆರೆಯ ಮೊಕದ್ದಮೆಯನ್ನು ಒಂಬತ್ತು ವರ್ಷಕ್ಕೂ ಹೆಚ್ಚು ಕಾಲ ಬಿಡದೆ ನಡೆಸಿ, 1937ರಲ್ಲಿ ಬಾಂಬೆ ಹೈಕೋರ್ಟಿನಲ್ಲಿ ಗೆದ್ದರು. ಅಷ್ಟು ವರ್ಷವೂ ಚಕ್ರ ನೆಲ ಬಿಡಲಿಲ್ಲ.

ಕೊನೆಗೆ ಒಂದು ಮಾತು. ಹೊಸ ಶಾಕ್ ಅಬ್ಸಾರ್ಬರ್ ಹಾಕಿದಾಗ ಬೋಲ್ಟನ್ನು ಪೂರ್ತಿ ಬಿಗಿಯುವುದು ಗಾಡಿ ಕೆಳಗಿಳಿದು ಚಕ್ರದ ಮೇಲೆ ಭಾರ ಬಿದ್ದ ಮೇಲೆ. ಎತ್ತಿಟ್ಟಾಗಲೇ ಬಿಗಿದರೆ ಒಳಗಿನ ರಬ್ಬರ್ ಬುಷ್ ತಿರುಚಿಕೊಂಡು ಬೇಗ ಹರಿಯುತ್ತದೆ. ವಿಹಾರದಲ್ಲಿ ಕಣ್ಣು ಮುಚ್ಚಿ ಕೂತಾಗಿನ ಶಾಂತಿ ಮೊದಲ ಬಿಗಿ ಮಾತ್ರ. ಪೂರ್ತಿ ಬಿಗಿ ಬರುವುದು ಬೀದಿಯಲ್ಲಿ, ಕಚೇರಿಯಲ್ಲಿ, ಅಂಗಡಿಯ ಬಾಗಿಲಲ್ಲಿ, ನಮ್ಮ ಮೇಲೆ ಭಾರ ಬಿದ್ದಾಗ.

ಇಂದು ಯಾರಾದರೂ ಕುಟುಕಿದರೆ ಮೊದಲು ಉಸಿರನ್ನು ಗಮನಿಸೋಣ. ಕುಣಿತ ನಿಂತ ಮೇಲೆ, ಗುಂಡಿ ಮುಚ್ಚಿಸಲು ಏನು ಮಾಡಬೇಕೋ ಅದನ್ನು ಇಂದೇ ಶುರು ಮಾಡೋಣ.

ಎಲ್ಲರಿಗೂ ಮಂಗಳವಾಗಲಿ.
ಜೈ ಭೀಮ್. ನಮೋ ಬುದ್ಧಾಯ.