ಕಣ್ಮರೆಯಾದ ಎಣ್ಣೆಯ ಹೊಣೆ

1967ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಬಳಿ ಟೋರಿ ಕ್ಯಾನ್ಯನ್ ಎಂಬ ತೈಲ ಹಡಗು ಬಂಡೆಗೆ ಬಡಿದು ಒಡೆಯಿತು. ಚೆಲ್ಲಿದ ಎಣ್ಣೆಯ ಮೇಲೆ ಸುಮಾರು 10,000 ಟನ್ ಮಾರ್ಜಕ ಸುರಿದರು. ಕರಿ ಜಿಡ್ಡೇನೋ ಬೇಗ ಮಾಯವಾಯಿತು. ಆದರೆ ಎಣ್ಣೆಯನ್ನು ಹೇಗೋ ತಾಳಿಕೊಳ್ಳುತ್ತಿದ್ದ, ಬಂಡೆಗೆ ಅಂಟಿ ಬದುಕುವ ಚಿಪ್ಪುಜೀವಿಗಳು ಮಾರ್ಜಕಕ್ಕೆ ರಾಶಿರಾಶಿಯಾಗಿ ಸತ್ತವು. ಮಾರ್ಜಕ ಬೀಳದ ದಡ ಎರಡು ಮೂರು ವರ್ಷಗಳಲ್ಲಿ ಚೇತರಿಸಿಕೊಂಡಿತು, ವಿಪರೀತ ಸುರಿದ ಕಡೆ ಹತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು. ಅದು ಹಳೆಯ ಕಾಲದ ರಾಸಾಯನಿಕ, ಈಗಿನವು ಅಷ್ಟು ವಿಷಕಾರಿಯಲ್ಲ ಎನ್ನುವುದು ನಿಜ. ಆದರೂ ಒಂದು ಜೀವಿಯ ಪಾಲಿನ ಕೇಡನ್ನು ಇನ್ನೊಂದರ ಪಾಲಿಗೆ ತಳ್ಳುವ ಅಧಿಕಾರ ನಮಗೆ ಯಾವಾಗ ಬರುತ್ತದೆ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಜಿಡ್ಡಿನ ಪಾತ್ರೆಗೆ ಸೋಪಿನ ನೀರು ಬಿಟ್ಟಾಗ ಆಗುವುದೇ ಕಡಲಲ್ಲೂ ಆಗುತ್ತದೆ: ಎಣ್ಣೆ ಸಣ್ಣ ಹನಿಗಳಾಗಿ ಒಡೆದು ನೀರಿಗೆ ಬೆರೆಯುತ್ತದೆ, ಹೋಗುವುದಿಲ್ಲ. ಹಕ್ಕಿ, ಆಮೆ, ಜವುಗು ಕಾಡು ಉಳಿದುಕೊಳ್ಳಬಹುದು. ಮೀನಿನ ಮೊಟ್ಟೆ, ಮರಿ, ಹವಳಗಳ ಪಾಲಿಗೆ ಆ ಕೇಡು ಬೀಳುತ್ತದೆ. ಹನಿ ಸಣ್ಣದಾದಷ್ಟೂ ಸೂಕ್ಷ್ಮಜೀವಿಗಳು ಬೇಗ ತಿಂದು ಮುಗಿಸುತ್ತವೆ ಎಂಬ ನಂಬಿಕೆಯೇ ಈ ಉಪಾಯಕ್ಕೆ ಆಧಾರ. ವಿಜ್ಞಾನಿಗಳಲ್ಲಿ ಆ ಬಗ್ಗೆ ಇನ್ನೂ ಒಮ್ಮತವಿಲ್ಲ. 2010ರಲ್ಲಿ ಮೆಕ್ಸಿಕೋ ಕೊಲ್ಲಿಯ ಡೀಪ್‌ವಾಟರ್ ಹೊರೈಝನ್ ತೈಲಬಾವಿ ದುರಂತದಲ್ಲಿ ಎಣ್ಣೆ ಚದುರಿಸುವ ಇಂಥ ರಾಸಾಯನಿಕವನ್ನು ಸುಮಾರು 70 ಲಕ್ಷ ಲೀಟರ್ ಬಳಸಿದರು. ಅದರಲ್ಲಿ ಸುಮಾರು 29 ಲಕ್ಷ ಲೀಟರನ್ನು ಒಂದೂವರೆ ಕಿಲೋಮೀಟರ್ ಆಳದಲ್ಲಿ, ಬಾವಿಯ ಬಾಯಲ್ಲೇ ಬಿಟ್ಟರು. ಅಷ್ಟು ಆಳದಲ್ಲಿ ಅಷ್ಟು ಪ್ರಮಾಣ ಹಿಂದೆಂದೂ ಬಳಸಿದ್ದಿಲ್ಲ. ಅಲ್ಲಿ ಬಳಸಿದ ಕಾರೆಕ್ಸಿಟ್ ಎಂಬ ಆ ರಾಸಾಯನಿಕದ ಘಟಕಗಳ ಪೂರ್ತಿ ಪಟ್ಟಿ ಜನರ ಕೈಗೆ ಬಂದದ್ದೂ ಸಿಂಪಡಣೆ ಶುರುವಾಗಿ ವಾರಗಳು ಕಳೆದ ಮೇಲೆ.

ಕೇಡನ್ನು ತಳ್ಳುವ ಅಧಿಕಾರದ ಪ್ರಶ್ನೆಗೆ ಒಂದು ಅಳತೆ ಜೈನರಲ್ಲಿದೆ. ಜೈನ ಆಚಾರ್ಯ ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಎಂಬ ಗ್ರಂಥ ಹಿಂಸೆಯನ್ನು ಪ್ರಾಣಹಾನಿಯೊಂದರಿಂದಲೇ ಅಳೆಯುವುದಿಲ್ಲ. ಆ ಹಾನಿ ಪ್ರಮಾದದಿಂದ, ಅಂದರೆ ಎಚ್ಚರಗೇಡಿತನದಿಂದ ಆಯಿತೇ ಎಂದು ನೋಡುತ್ತದೆ. ನನಗೆ ಇಲ್ಲಿ ಸರಿಯೆನಿಸುವ ಅಳತೆ ಅದೇ. ಕಡಿಮೆ ಕೇಡನ್ನು ಆರಿಸಿದೆವು ಎನ್ನುವವರು ಎರಡೂ ಕೇಡುಗಳನ್ನು ಒಂದೇ ಶ್ರದ್ಧೆಯಿಂದ ತೂಗಿರಬೇಕು. ಎಣ್ಣೆ ಮೆತ್ತಿದ ಹಕ್ಕಿ ಕ್ಯಾಮೆರಾಕ್ಕೆ ಸಿಗುತ್ತದೆ, ಆಳದ ಹವಳ ಸಿಗುವುದಿಲ್ಲ. ಕಣ್ಣಿಗೆ ಬಿದ್ದದ್ದಕ್ಕಷ್ಟೇ ತೂಕ ಕೊಟ್ಟರೆ ತಕ್ಕಡಿ ಮೊದಲೇ ವಾಲಿರುತ್ತದೆ.

ಬೆಂಕಿ ಬಿದ್ದಾಗ ಧರ್ಮಶಾಸ್ತ್ರ ಓದುತ್ತ ಕೂರಲಾದೀತೇ ಎಂದು ಕೇಳಬಹುದು. ಆಳದಲ್ಲೇ ಎಣ್ಣೆ ಚದುರಿದರೆ ಮೇಲೆ ದುಡಿಯುವವರು ಉಸಿರಾಡುವ ವಿಷದ ಆವಿ ತಗ್ಗುತ್ತದೆ ಎಂಬ ವಾದವೂ ಇದೆ, ಅದು ಹಗುರವಾದದ್ದಲ್ಲ. ಜೈನರೂ ಗೃಹಸ್ಥನಿಗೆ ಮುನಿಯ ವ್ರತ ಹೊರಿಸುವುದಿಲ್ಲ. ಬದುಕಿನ ದುಡಿಮೆಯಲ್ಲಿ ತಪ್ಪಿಸಲಾಗದ ಹಿಂಸೆಯನ್ನು ಅವರು ಬಲ್ಲರು, ಆದರೆ ಅದನ್ನು ಅಹಿಂಸೆಯ ಲೆಕ್ಕಕ್ಕೆ ಬರೆಯುವುದಿಲ್ಲ. ಹಾಗಾಗಿ ರಾಸಾಯನಿಕ ಬಳಸಲೇಬಾರದೆಂದು ನಾನು ಹೇಳಲಾರೆ. ಆದರೆ ಸಮಯವಿರಲಿಲ್ಲ ಎಂಬ ನೆಪ ಮಾತ್ರ ನಿಲ್ಲುವುದಿಲ್ಲ. ಸಮಯ ಇದ್ದೇ ಇತ್ತು: ಅಷ್ಟು ಆಳದಲ್ಲಿ ಬಾವಿ ಕೊರೆಯಲು ಪರವಾನಗಿ ಕೇಳಿದ ದಿನ, ಅಲ್ಲಿನ ಜೀವಿಗಳ ಮೇಲೆ ಈ ದ್ರಾವಣ ಏನು ಮಾಡುತ್ತದೆ ಎಂಬ ಪರೀಕ್ಷೆಯ ಫಲಿತಾಂಶವನ್ನೂ ಅರ್ಜಿಯ ಜೊತೆಗೇ ಕೇಳಬಹುದಿತ್ತು.