ಕಟ್ಟಿದ ನಾಯಿ ಎಲ್ಲಿಗೆ ಹೋಗಬೇಕು?

ಡಿಸೆಂಬರ್ ಬಂತೆಂದರೆ ನಮ್ಮ ಮಲೆನಾಡಿನ ಮನೆಗಳಲ್ಲಿ ಕಾಫಿ ಕೊಯ್ಲಿನ ಗಡಿಬಿಡಿಯೂ ಕ್ರಿಸ್ಮಸ್ ಹಬ್ಬದ ಸಿದ್ಧತೆಯೂ ಜೊತೆಜೊತೆಯಾಗಿ ಶುರುವಾಗುತ್ತವೆ. ಕೊಯ್ದ ಹಣ್ಣು ಕಣದಲ್ಲಿ ಹರಡಿಕೊಂಡಿರುತ್ತದೆ. ರಾತ್ರಿ ಅದಕ್ಕೆ ಕಾವಲು ಬೇಕು. ಕಣದ ಮೂಲೆಯಲ್ಲಿ ಒಂದು ಗೂಟ, ಗೂಟಕ್ಕೊಂದು ಸರಪಳಿ, ಸರಪಳಿಯ ತುದಿಯಲ್ಲಿ ಒಂದು ನಾಯಿ. ಈ ನೋಟ ನಮಗೆ ಎಷ್ಟು ಪರಿಚಿತವೆಂದರೆ, ನಾವು ಅದನ್ನು ಗಮನಿಸುವುದನ್ನೇ ಬಿಟ್ಟಿದ್ದೇವೆ.

ಪ್ರಿಯ ಓದುಗರೇ, ನಾನೂ ಗಮನಿಸಿರಲಿಲ್ಲ. ಕೆಲವು ವರ್ಷಗಳ ಹಿಂದಿನ ಮಾತು. ಸಂಜೆ ಕಣದ ಕಾಫಿಯನ್ನು ರಾಶಿ ಮಾಡಿ, ಇಬ್ಬನಿ ತಾಗದಂತೆ ಟಾರ್ಪಾಲು ಹೊದಿಸಿ, ಅಂಚಿಗೆ ಕಲ್ಲು ಹೇರುತ್ತಿದ್ದೆ. ಕೆಲಸ ಮುಗಿಸಿ ಹೊರಟಿದ್ದ ವಯಸ್ಸಾದ ಹೆಣ್ಣಾಳೊಬ್ಬರು ನಿಂತು, "ಅಯ್ಯಾ, ಕಾಫಿಗೆ ಹೊದಿಸಿದ್ರಿ. ಈ ಕರಿಯನಿಗೆ?" ಎಂದು ಕೇಳಿದರು.

ನಾನು ನಕ್ಕೆ. "ನಾಯಿಗೆಂಥ ಚಳಿ? ದೇವರು ಕೂದಲು ಕೊಟ್ಟಿಲ್ವಾ?" ಎಂದೆ.

"ಬಿಟ್ಟಿದ್ರೆ ಬಚ್ಚಲೊಲೆ ಬೂದಿ ಹತ್ರ ಹೋಗಿ ಮಲಗ್ತಿತ್ತು. ಕಟ್ಟಿದ ನಾಯಿ ಎಲ್ಲಿಗೆ ಹೋಗ್ಬೇಕು?" ಎಂದು ಹೇಳಿ ಅವರು ತಮ್ಮ ದಾರಿ ಹಿಡಿದರು.

ಆ ರಾತ್ರಿ ಎರಡು ಕಂಬಳಿಗಳ ಅಡಿಯಲ್ಲಿ ನಾನು ಮಲಗಿದ್ದೆ. ಮೂರು ಗಂಟೆಯ ಹೊತ್ತಿಗೆ ಕರಿಯ ಕುಂಯ್‌ಗುಟ್ಟುವುದು ಕೇಳಿಸಿತು. ಎದ್ದು ಹೋಗಬೇಕು ಎನಿಸಿದರೂ ಹೋಗಲಿಲ್ಲ. ಬೆಳಿಗ್ಗೆ ನೋಡಿದರೆ ಅದಕ್ಕೆ ಹಿಂಗಾಲು ಊರಿ ಏಳಲು ಆಗುತ್ತಿರಲಿಲ್ಲ. ಮುದಿ ನಾಯಿ, ಮೈಯೆಲ್ಲ ಇಬ್ಬನಿಯಲ್ಲಿ ತೊಯ್ದು ನಡುಗುತ್ತಿತ್ತು. ಹೊತ್ತು ತಂದು ಒಲೆಯ ಬಳಿ ಮಲಗಿಸಿದೆವು. ಮಧ್ಯಾಹ್ನದ ಹೊತ್ತಿಗೆ ಚೇತರಿಸಿಕೊಂಡಿತು. ಆದರೆ ಟಾರ್ಪಾಲಿನ ಕೆಳಗೆ ಬೆಚ್ಚಗಿದ್ದ ಕಾಫಿಯ ರಾಶಿಯನ್ನು ನೋಡಿದಾಗ ನನಗೆ ನಾಚಿಕೆಯಾಯಿತು. ಕಾಯುವ ವಸ್ತುವಿಗೆ ಹೊದಿಕೆ ಇತ್ತು, ಕಾಯುವ ಜೀವಕ್ಕೆ ಇರಲಿಲ್ಲ.

ಆ ತಾಯಿಯ ಪ್ರಶ್ನೆಯನ್ನು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಪ್ರಾಣಿಗಳ ಮೇಲೆ ದಯೆ ಇರಬೇಕು ಎಂದು ನಾವೆಲ್ಲ ಹೇಳುತ್ತೇವೆ. ಆದರೆ ಅವರು ನನ್ನನ್ನು ದಯೆ ಕೇಳಲಿಲ್ಲ, ಲೆಕ್ಕ ಕೇಳಿದರು. ಬೀದಿಯ ನಾಯಿಗೆ ಚಳಿಯಾದರೆ ಅದು ಬೂದಿಗುಡ್ಡೆಯನ್ನೋ, ಅಂಗಡಿಯ ಜಗಲಿಯನ್ನೋ, ಆಗತಾನೇ ನಿಲ್ಲಿಸಿದ ಜೀಪಿನ ಅಡಿಯನ್ನೋ ಹುಡುಕಿಕೊಳ್ಳುತ್ತದೆ. ಆ ಉಪಾಯವನ್ನು ದೇವರೇ ಅದಕ್ಕೆ ಕೊಟ್ಟಿದ್ದಾರೆ. ನಮ್ಮ ಅನುಕೂಲಕ್ಕಾಗಿ ನಾಯಿಯನ್ನು ಕಟ್ಟಿದಾಗ, ಗೂಡಿನಲ್ಲಿ ಕೂಡಿದಾಗ, ಆ ಉಪಾಯವನ್ನು ನಾವು ಕಸಿದುಕೊಂಡಿದ್ದೇವೆ. ಕಸಿದುಕೊಂಡವರು ಬದಲಿಗೆ ಏನನ್ನಾದರೂ ಕೊಡಬೇಡವೇ?

ಶ್ರೀಗ್ರಂಥದ ವಿಮೋಚನಕಾಂಡದಲ್ಲಿ ಒಂದು ಆಜ್ಞೆಯಿದೆ. ಬಡವನ ಹೊದಿಕೆಯನ್ನು ಒತ್ತೆಯಾಗಿ ತೆಗೆದುಕೊಂಡರೆ ಸೂರ್ಯ ಮುಳುಗುವ ಮುನ್ನ ಹಿಂದಿರುಗಿಸಬೇಕು. ಅವನಿಗಿರುವುದು ಅದೊಂದೇ ಹೊದಿಕೆ, ಅದಿಲ್ಲದೆ ಅವನು ಹೇಗೆ ಮಲಗಿಯಾನು ಎಂದು ದೇವರೇ ಕೇಳುತ್ತಾರೆ. ಇದು ಮನುಷ್ಯರ ಬಗೆಗಿನ ಆಜ್ಞೆ, ನಿಜ. ಆದರೆ ಅದರೊಳಗಿನ ನ್ಯಾಯವನ್ನು ಗಮನಿಸಿ. ನಾಯಿಯ ಸ್ವಾತಂತ್ರ್ಯವೂ ನಮ್ಮ ಕೈಯಲ್ಲಿರುವ ಒಂದು ಒತ್ತೆಯಲ್ಲವೇ? ಹಾಗಿದ್ದರೆ ಅದಕ್ಕೆ ಕೊಡುವ ಬೆಚ್ಚನೆಯ ಜಾಗ ದಾನವಲ್ಲ, ಸಾಲದ ತೀರುವಳಿ. ಅದಕ್ಕೂ ಗಡುವು ಸೂರ್ಯಾಸ್ತವೇ. ಧರ್ಮೋಪದೇಶಕಾಂಡವಂತೂ ಕಣದ ಮಾತನ್ನೇ ಆಡುತ್ತದೆ: ತೆನೆ ತುಳಿಯುವ ಎತ್ತಿನ ಬಾಯಿ ಕಟ್ಟಬಾರದು ಎಂದು ವಿಧಿಸುತ್ತದೆ. ದುಡಿಯುವ ಪ್ರಾಣಿಗೆ ತನ್ನ ದುಡಿಮೆಯಲ್ಲಿ ಪಾಲಿದೆ ಎಂದು ಇದರ ಅರ್ಥ.

ನಮ್ಮ ದೇಶದ ಕಾನೂನೂ ಹೀಗೆಯೇ ಹೇಳುತ್ತದೆ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೇ ಕಲಮಿನ ಪ್ರಕಾರ ಪ್ರಾಣಿಯನ್ನು ವಿಪರೀತ ಗಿಡ್ಡ ಅಥವಾ ಭಾರವಾದ ಸರಪಳಿಯಲ್ಲಿ ಅತಿಯಾದ ಹೊತ್ತು ಕಟ್ಟುವುದೂ, ಸದಾ ಕಟ್ಟಿಯೇ ಇಡುವ ನಾಯಿಯನ್ನು ಯಜಮಾನನು ಅಡ್ಡಾಡಿಸದಿರುವುದೂ, ಸಾಕಿದ ಪ್ರಾಣಿಗೆ ಸಾಕಷ್ಟು ಅನ್ನ, ನೀರು, ಆಸರೆ ಕೊಡದಿರುವುದೂ ಅಪರಾಧಗಳು.

ಕೂದಲಿದೆ, ಸಾಕಲ್ಲವೇ ಎಂದು ನನ್ನಂತೆ ನೀವೂ ಕೇಳಬಹುದು. ಆಲ್ಪ್ಸ್ ಪರ್ವತದ ಸಂತ ಬರ್ನಾರ್ಡರ ಆಶ್ರಮದ ನಾಯಿಗಳ ಹೆಸರನ್ನು ನೀವು ಕೇಳಿರುತ್ತೀರಿ. ಹಿಮದಲ್ಲಿ ದಾರಿ ತಪ್ಪಿದವರನ್ನು ಹುಡುಕಿದ ನಾಯಿಗಳವು, ದಟ್ಟ ಕೂದಲಿನವು. ಆ ಕಣಿವೆದಾರಿ 2469 ಮೀಟರ್ ಎತ್ತರದಲ್ಲಿದೆ. 2005ರಿಂದ ಒಂದು ಪ್ರತಿಷ್ಠಾನ ಆ ನಾಯಿಗಳನ್ನು ನೋಡಿಕೊಳ್ಳುತ್ತಿದೆ. ಅವು ಮೇಲಕ್ಕೆ ಹೋಗುವುದು ಬೇಸಿಗೆಯಲ್ಲಿ. ಚಳಿಗಾಲವನ್ನು ಕಳೆಯುವುದು ಕೆಳಗಿನ ಮಾರ್ಟಿನಿ ಪಟ್ಟಣದಲ್ಲಿ. ಅಂಥ ನಾಯಿಗಳಿಗೇ ಆಸರೆ ಬೇಕಾದರೆ, ನಮ್ಮ ಬಯಲುಸೀಮೆಯ ಮುಧೋಳ ನಾಯಿಯ ಪಾಡೇನು? ಗಿಡ್ಡ ಕೂದಲು, ತೆಳು ಚರ್ಮ, ಕೊಬ್ಬಿಲ್ಲದ ಮೈ. ನಮ್ಮ ಊರನಾಯಿಗಳೂ ಹೆಚ್ಚುಕಡಿಮೆ ಹಾಗೆಯೇ. ಮಲೆನಾಡಿನ ರಾತ್ರಿ ಹತ್ತು ಹನ್ನೆರಡು ಡಿಗ್ರಿಗೆ ಇಳಿದಾಗ, ಮೈ ಒದ್ದೆಯಾಗಿದ್ದು ನೆಲ ಸಿಮೆಂಟಿನದಾಗಿದ್ದರೆ ಅಷ್ಟು ಚಳಿಯೇ ಸಾಕು. ಮುದಿ ನಾಯಿಗೂ ರೋಗಿ ನಾಯಿಗೂ ಕಷ್ಟ ಹೆಚ್ಚು. ಹುಟ್ಟಿದ ಮೊದಲ ವಾರಗಳಲ್ಲಿ ಮರಿಗಳಿಗೆ ತಮ್ಮ ಮೈಯನ್ನು ತಾವೇ ಬಿಸಿಯಾಗಿಟ್ಟುಕೊಳ್ಳುವ ಶಕ್ತಿಯೇ ಇರುವುದಿಲ್ಲ.

ಹಾಗಾದರೆ ಏನು ಮಾಡಬೇಕು? ದೊಡ್ಡ ಖರ್ಚಿನ ಮಾತಲ್ಲ. ಗೂಡನ್ನು ನೆಲಕ್ಕೆ ತಾಗಿಸದೆ ನಾಲ್ಕು ಇಟ್ಟಿಗೆಗಳ ಮೇಲೆ ಎತ್ತರಿಸಿ ಇಡಿ, ತಳಕ್ಕೆ ಹಲಗೆಯಿರಲಿ. ಗೂಡು ಬಹಳ ದೊಡ್ಡದಾಗಿರುವುದು ಬೇಡ. ನಾಯಿ ನಿಲ್ಲಲು, ತಿರುಗಲು, ಕಾಲು ಚಾಚಿ ಮಲಗಲು ಆದರೆ ಸಾಕು. ಅದರ ಮೈಶಾಖವೇ ಒಳಗೆ ಉಳಿಯುತ್ತದೆ. ಬರಿ ತಗಡಿನ ಮಾಡಿನಿಂದ ರಾತ್ರಿ ಹನಿ ತೊಟ್ಟಿಕ್ಕುತ್ತದೆ. ಮೇಲೆ ಹುಲ್ಲನ್ನೋ ಗರಿಯನ್ನೋ ಹೊದಿಸಿ. ಗಾಳಿ ಬರುವ ದಿಕ್ಕಿಗೆ ಬಾಗಿಲು ಬೇಡ. ಬಾಗಿಲಿಗೆ ಗೋಣಿಯ ಪರದೆ ಇಳಿಬಿಡಿ. ಹಾಸಲು ಹಳೆ ಬಟ್ಟೆಗಿಂತ ಒಣಗಿದ ಭತ್ತದ ಹುಲ್ಲೇ ಮೇಲು. ಬಟ್ಟೆ ತೇವ ಹೀರಿ ತಣ್ಣಗಾಗುತ್ತದೆ. ಹುಲ್ಲಿನಲ್ಲಾದರೆ ನಾಯಿ ಗುಳಿ ಮಾಡಿಕೊಂಡು ಹುದುಗುತ್ತದೆ. ವಾರಕ್ಕೊಮ್ಮೆ ಹುಲ್ಲು ಬದಲಾಯಿಸಿ, ಉಣ್ಣೆ ಸೇರದಂತೆ ನೋಡಿಕೊಳ್ಳಿ. ಹೊರಗೆ ಮಲಗುವ ನಾಯಿಗೆ ಚಳಿಗಾಲದಲ್ಲಿ ಒಂದು ಹಿಡಿ ಅನ್ನ ಹೆಚ್ಚು ಹಾಕಿ, ನೀರನ್ನು ಮರೆಯಬೇಡಿ. ಗೂಡಿನೊಳಗೆ ಕೆಂಡವನ್ನಾಗಲಿ ಉರಿಯುವ ಬಲ್ಬನ್ನಾಗಲಿ ಇಡಲೇಬೇಡಿ. ಹುಲ್ಲಿಗೆ ಕಿಡಿ ತಾಗಿದರೆ ಕಟ್ಟಿದ ಪ್ರಾಣಿ ಓಡಲಾರದು. ನಡುಕ, ಕಾಲೆತ್ತಿ ಎತ್ತಿ ಇಡುವುದು, ಬೆಳಿಗ್ಗೆ ಏಳಲಾಗದಿರುವುದು ಇವೆಲ್ಲ ನಾಯಿ ಹೇಳುವ ಮಾತುಗಳು. ಹಗಲು ಹೊತ್ತು ಸರಪಳಿ ಬಿಚ್ಚಿ ಬಿಸಿಲಿನಲ್ಲಿ ಅಡ್ಡಾಡಿಸಿ. ಸಬ್ಬತ್ ದಿನದಲ್ಲೂ ಎತ್ತು ಕತ್ತೆಗಳನ್ನು ಬಿಚ್ಚಿ ನೀರಿಗೆ ಕರೆದೊಯ್ಯುತ್ತೀರಲ್ಲವೇ ಎಂದು ಯೇಸುಸ್ವಾಮಿ ಕೇಳಿದ್ದನ್ನು ಸಂತ ಲೂಕರು ಬರೆದಿದ್ದಾರೆ. ಅದು ಎಲ್ಲರೂ ಮಾಡುವ ಕೆಲಸವೆಂದು ಸ್ವಾಮಿಯು ಎಣಿಸಿದ್ದರು.

ಇನ್ನು ಕಷ್ಟದ ಪ್ರಶ್ನೆಗೆ ಬರೋಣ. ಮರುದಿನ ಸಂಜೆ ನಾನು ಕರಿಯನ ಗೂಡಿಗೆ ಹುಲ್ಲು ತುಂಬುತ್ತಿದ್ದಾಗ ಅದೇ ಹೆಣ್ಣಾಳು ಆ ದಾರಿಯಲ್ಲಿ ಬಂದರು. ಅವರ ಹೆಗಲ ಮೇಲಿದ್ದ ಶಾಲು ತೆಳ್ಳಗಿತ್ತು, ಹರಿದಿತ್ತು. ಆ ಶಾಲನ್ನು ಅವರು ದಿನವೂ ಹೊದ್ದು ಬರುತ್ತಿದ್ದರು. ನಾನು ಕಂಡದ್ದು ಅಂದೇ. ಮನುಷ್ಯರೇ ಚಳಿಯಲ್ಲಿರುವಾಗ ನಾಯಿಗೆ ಹಾಸಿಗೆ ಮಾಡುವುದು ಸರಿಯೇ?

1992ರ ಕಥೋಲಿಕ ಧರ್ಮೋಪದೇಶ ಗ್ರಂಥ ಇಲ್ಲಿ ಎರಡು ಮಾತುಗಳನ್ನು ಒಟ್ಟಿಗೆ ಹೇಳುತ್ತದೆ. ಪ್ರಾಣಿಗಳು ದೇವರ ಸೃಷ್ಟಿ, ಅವುಗಳಿಗೆ ನಾವು ದಯೆ ತೋರಲೇಬೇಕು, ವಿನಾಕಾರಣ ನೋಯಿಸುವುದು ಮನುಷ್ಯನ ಘನತೆಗೇ ಕುಂದು ಎಂಬುದು ಮೊದಲನೆಯದು. ಮನುಷ್ಯರ ಸಂಕಟ ನೀಗಿಸಲು ಮೊದಲು ಸಲ್ಲಬೇಕಾದ ಹಣವನ್ನು ಪ್ರಾಣಿಗಳ ಮೇಲೆ ಸುರಿಯಬಾರದು, ಮನುಷ್ಯರಿಗೆ ಮಾತ್ರ ಸಲ್ಲುವ ಮಮತೆಯನ್ನು ಅವುಗಳಿಗೆ ಕೊಡಬಾರದು ಎಂಬುದು ಎರಡನೆಯದು. ಪಟ್ಟಣದ ಅಂಗಡಿಯಲ್ಲಿ ನಾಯಿಗೆ ಬಣ್ಣದ ಸ್ವೆಟರು ಕೊಂಡು, ಮನೆಗೆಲಸದವಳಿಗೆ ಹಬ್ಬದ ಸೀರೆಗೆ ಚೌಕಾಸಿ ಮಾಡುವವರು ಈ ಎರಡನೆಯ ಮಾತನ್ನು ಓದಬೇಕು. ನಾಯಿಗೆ ಚಳಿಯೇ ಎಂದು ನಕ್ಕ ನನ್ನಂಥವರು ಮೊದಲನೆಯದನ್ನು ಓದಬೇಕು.

ಆದರೆ ಒಂದು ಮಾತು ನನ್ನ ಅನುಭವದಿಂದ ಹೇಳುತ್ತೇನೆ. ನಾಯಿಗೆ ಹುಲ್ಲು ಹಾಕದೆ ಉಳಿಸಿದ ದಿನಗಳಲ್ಲಿ ನಾನು ಆ ತಾಯಿಗೆ ಶಾಲು ಕೊಟ್ಟಿರಲಿಲ್ಲ. ಒಂದನ್ನು ಕಾಣದ ಕಣ್ಣು ಇನ್ನೊಂದನ್ನೂ ಕಂಡಿರಲಿಲ್ಲ. "ಮನುಷ್ಯರಿಗೇ ಇಲ್ಲ, ನಾಯಿಗೆಲ್ಲಿ?" ಎನ್ನುವವರು ಎಷ್ಟೋ ಸಲ ಇಬ್ಬರಿಗೂ ಕೊಡುವುದಿಲ್ಲ. ಆ ಮಾತು ನಮಗೆ ಜಿಪುಣತನದ ಹೊದಿಕೆಯಾಗಿರುತ್ತದೆ. ತನ್ನ ಶಾಲು ಹರಿದಿದ್ದರೂ ನಾಯಿಯ ಚಳಿಯನ್ನು ಕಂಡವರು ಅವರು. ಎರಡು ಕಂಬಳಿಯ ನಾನಲ್ಲ.

ಆ ವಾರವೇ ಅವರಿಗೊಂದು ಕಂಬಳಿ ತಂದುಕೊಟ್ಟೆವು. ಕಣದ ಕಾವಲುಗಾರನ ಗುಡಿಸಲಿಗೂ ಹೊಸ ಹುಲ್ಲು ಹೊದಿಸಿದೆವು. ಕಂಬಳಿಯನ್ನು ತಿರುವಿ ನೋಡಿ ಅವರು ಕೇಳಿದ್ದು ಒಂದೇ ಮಾತು: "ಕರಿಯ ರಾತ್ರಿ ಕೂಗಲಿಲ್ಲ ಅಲ್ವಾ?"

ಓದುಗರೇ, ಇನ್ನು ಕೆಲವೇ ದಿನಗಳಲ್ಲಿ ನಿಮ್ಮ ಮನೆಯಲ್ಲೂ ಗೋದಲಿ ಕಟ್ಟಲು ಮಕ್ಕಳು ಹುಲ್ಲು ತರುತ್ತಾರೆ. ಇನ್ನೊಂದು ಹೊರೆ ಹೆಚ್ಚಿಗೆ ತರಲು ಹೇಳಿ. ಇಂದು ಸೂರ್ಯ ಮುಳುಗುವ ಮುನ್ನ ಹಿತ್ತಲಿಗೆ ಹೋಗಿ, ನಿಮ್ಮ ನಾಯಿಯ ಗೂಡಿನೊಳಗೆ ಕೈಯಿಟ್ಟು ನೋಡಿ. ನೆಲ ತಣ್ಣಗಿದೆಯೇ? ಒದ್ದೆಯಿದೆಯೇ? ಹಾಗೆಯೇ ಹಿಂದಿರುಗುವಾಗ, ನಿಮ್ಮ ಅಂಗಳ ದಾಟಿ ಮನೆಗೆ ನಡೆಯುತ್ತಿರುವವರ ಹೆಗಲ ಮೇಲೆ ಏನಿದೆ ಎಂದೂ ಒಮ್ಮೆ ನೋಡಿ.